ಧಾವಪಟ್ಟಿಗೊಂದು ವಂದನಾರ್ಪಣೆ

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮೂರ ಸರಪಂಚರಾದ ಸುಮನಬಾಯಿಯವರೇ, ತಾಲೂಕಿನಿಂದ ಬಿಸಿಲು ಲೆಕ್ಕಿಸದೆ ಬಂದ ಸಾಹೇಬರೇ, ಗೋದಾಮು ಕಟ್ಟಲಿರುವ ಕಂಪನಿಯ ಮ್ಯಾನೇಜರ್ ಸಾಹೇಬರೇ, ಇಂದಿನ ಊಟದ ಭಾರ ಹೊತ್ತ ಗುರುಲಿಂಗಪ್ಪ ಸಾವಕಾರರೇ, ಶಾಲು ಹೊದಿಸಿಕೊಂಡು ಬೆವರುತ್ತಿರುವ ಮನ್ಮಥಪ್ಪ ಕಾಕಾ ಅವರೇ, ಕುರ್ಚಿ ಸಿಕ್ಕವರೇ, ಸಿಗದೆ ತಗಡಿನ ಗೋಡೆಗೆ ಒರಗಿದವರೇ, ಹುಗ್ಗಿಯ ವಾಸನೆಗೆ ಆಗಲೇ ಬಾಗಿಲ ಕಡೆ ಮುಖ ತಿರುಗಿಸಿದ ಎಲ್ಲ ಸಭಿಕರೇ,

ನನಗೆ ಒಪ್ಪಿಸಿರುವುದು ವಂದನಾರ್ಪಣೆ. ಸಭೆಯಲ್ಲಿ ಎಲ್ಲಕ್ಕಿಂತ ಸಣ್ಣ ಕೆಲಸ ಅದು, ಆದ್ದರಿಂದ ಎಲ್ಲರಿಗಿಂತ ಕಡಿಮೆ ಓದಿದವಳ ಪಾಲಿಗೆ ಬಂದಿದೆ. ನಿನ್ನೆ ಸುಮನಕ್ಕ ನನ್ನನ್ನು ಕರೆಸಿ ಅಂಗಳದಲ್ಲೇ ನಿಲ್ಲಿಸಿ ಹೇಳಿದರು: "ಉಮಾಶ್ರೀ, ನಿನ್ನ ಕೈಯಾಗ ಮೈಕ್ ಕೊಡಲಾಕ ನನಗ ಅಂಜಿಕಿ ಬರ್ತದ ನೋಡವಾ. ಬರೇ ಹೆಸರ ಹೇಳು, ಕೈ ಮುಗಿ, ಇಳಿ." ಅಕ್ಕಾ, ಹೆಸರುಗಳನ್ನೇ ಹೇಳುತ್ತೇನೆ. ಕೆಲವು ಹೆಸರುಗಳನ್ನು ಹೇಳಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಕನ್ನಡದಲ್ಲಿ ಮಾತಾಡುತ್ತಿರುವುದಕ್ಕೆ ಸಾಹೇಬರು ಬೇಸರ ಮಾಡಿಕೊಳ್ಳಬಾರದು. ನಮ್ಮದು ಗಡಿಯ ಈಚೆಯ ಊರು, ನನಗೆ ಮರಾಠಿ ಬರುತ್ತದೆ, ಶಾಲೆ ಕಲಿತದ್ದು ಅದರಲ್ಲೇ. ಆದರೆ ಇಂದು ಇಲ್ಲಿ ಕೈ ಎತ್ತಬೇಕಾದ ಹೆಂಗಸರಲ್ಲಿ ಬಹಳ ಜನ ಮನೆಯಲ್ಲಿ ಆಡುವುದು ಈ ಮಾತನ್ನು. ಯಾವುದಕ್ಕೆ ಕೈ ಎತ್ತುತ್ತೇವೆ ಎಂಬುದು ಎತ್ತುವ ಮೊದಲೇ ತಿಳಿದಿರಲಿ ಎಂದು ನನ್ನ ಆಸೆ. ಸಾಹೇಬರ ಕಿವಿಯ ಹತ್ತಿರ ಊರಿನ ಭೂಮಿಯ ಲೆಕ್ಕ ಬರೆಯುವ ತಲಾಠಿ ಪಂಕಜಣ್ಣ ಕೂತಿದ್ದಾರೆ, ಮರಾಠಿ ಮಾಡಿ ಹೇಳುತ್ತಿದ್ದಾರೆ. ಪಂಕಜಣ್ಣ, ನೀವು ಮೃದು ಸ್ವಭಾವದವರು, ಖಾರ ಬಂದಲ್ಲಿ ಸಕ್ಕರೆ ಬೆರೆಸುತ್ತೀರಿ. ಇವತ್ತೊಂದು ದಿನ ಬೆರೆಸಬೇಡಿ.

ಸಂಗತಿ ಎಲ್ಲರಿಗೂ ಗೊತ್ತಿದೆ. ನಮ್ಮೂರಿನ ಈ ಸಣ್ಣ ವಿಮಾನತಳ ಇಂದಿನಿಂದ ಅಧಿಕೃತವಾಗಿ ಮುಚ್ಚಿತು. ನಾವು ಕೂತಿರುವ ಈ ಶೆಡ್ಡು ಒಂದು ಕಾಲಕ್ಕೆ ವಿಮಾನಗಳ ಕೊಟ್ಟಿಗೆ. ನಾನು ಇಳಿದ ಮೇಲೆ ಅಧ್ಯಕ್ಷರು ಗ್ರಾಮಸಭೆಯ ಠರಾವು ಓದುತ್ತಾರೆ. ಈ ಶೆಡ್ಡು, ಇದರ ಆಚೆಯ ಹುಲ್ಲು ಬಯಲು, ವಿಮಾನ ಓಡುವ ಡಾಂಬರಿನ ಧಾವಪಟ್ಟಿ, ಎಲ್ಲವನ್ನೂ ಗೋದಾಮಿಗೆಂದು ಕಂಪನಿಗೆ ಬಿಟ್ಟುಕೊಡಲು ಊರಿನ ಅಡ್ಡಿ ಏನೂ ಇಲ್ಲ ಎಂದು ಅದರಲ್ಲಿ ಬರೆದಿದೆ. ಒಪ್ಪಿದವರು ಕೈ ಎತ್ತಬೇಕು. ಕೈ ಇಳಿಸಿದ ಕೂಡಲೇ ಊಟ. ಠರಾವಿನ ಬೆನ್ನಿಗೇ ಹುಗ್ಗಿಯನ್ನು ಇಟ್ಟವರ ಬುದ್ಧಿಗೆ ನನ್ನ ಮೊದಲ ವಂದನೆ.

ವಿಮಾನತಳಕ್ಕೆಂದು ಈ ನೆಲ ತೆಗೆದುಕೊಂಡ ಸರ್ಕಾರಕ್ಕೂ ವಂದನೆ. ನಾನು ಹುಟ್ಟುವುದಕ್ಕಿಂತ ಹಿಂದಿನ ಮಾತು. ಹೊಲ ಹೋದ ಮನೆಗಳಲ್ಲಿ ಒಲೆ ಹೊತ್ತಲಿಲ್ಲವಂತೆ. ನಮ್ಮವ್ವನಿಗೆ ಅಳುವ ಕಾರಣವಿರಲಿಲ್ಲ, ಹೋಗಲು ಹೊಲವೇ ಇರಲಿಲ್ಲ. ನಮ್ಮವ್ವನ ಹೆಸರು ಚಂಪಾಬಾಯಿ. ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಬಂದವಳು. ಅಪ್ಪ ಇದ್ದಾಗಲೂ, ಅಪ್ಪ ಹೋದ ಮೇಲೂ, ಬೇರೆಯವರ ಹೊಲವನ್ನು ಪಾಲಿಗೆ ಮಾಡಿ ನನ್ನನ್ನು ಬೆಳೆಸಿದವಳು. ಅವಳ ಹೆಸರು ಇಂದಿನ ಕಾರ್ಯಕ್ರಮದಲ್ಲಿ ಎಲ್ಲಿಯೂ ಇಲ್ಲ. ಆದರೂ ನನ್ನ ವಂದನೆ ಅವಳನ್ನು ದಾಟಿ ಮುಂದೆ ಹೋಗಲಾರದು.

ಹೊಲ ಪಾಲಿಗೆ ಸಿಗುತ್ತದೆ, ಕಣ ಪಾಲಿಗೆ ಸಿಗುವುದಿಲ್ಲ. ಇದು ಒಕ್ಕಲುತನ ಬಲ್ಲವರಿಗೆಲ್ಲ ಗೊತ್ತು. ಬೆಳೆ ಕೊಯ್ದಾದ ಮೇಲೆ ಬಡಿಯಲು, ತೂರಲು, ಕಾಳು ಒಣಹಾಕಲು ಗಟ್ಟಿ ನೆಲ ಬೇಕು. ನೆಲ ಇದ್ದವರು ಕಣ ಮಾಡಿ, ಸಗಣಿ ಸಾರಿಸಿ, ರಾಶಿ ಪೂಜೆ ಮಾಡುತ್ತಾರೆ. ಇಲ್ಲದವರು ಅವರ ರಾಶಿ ಎತ್ತುವವರೆಗೆ ಕಣದ ಅಂಚಿನಲ್ಲಿ ಕೂತು ಕಾಯುತ್ತಾರೆ. ಸುಮನಕ್ಕನ ಮಾವನವರ ಕಣದ ಅಂಚಿನಲ್ಲಿ ನಮ್ಮವ್ವ ಹಾಗೆ ಎಷ್ಟು ಸುಗ್ಗಿ ಕಾದಳೋ. ಅವರು ಕೆಟ್ಟವರಾಗಿರಲಿಲ್ಲ. ಬಾಯಾರಿದರೆ ನೀರು ಕೊಡಿಸುತ್ತಿದ್ದರು. ಕಾಯಿಸುವುದು ಪದ್ಧತಿ, ಕಾಯುವುದೂ ಪದ್ಧತಿ. ಅಷ್ಟರಲ್ಲಿ ಹಿಂಗಾರಿ ಮೋಡ ಬಂದು, ಕಟ್ಟೆಯ ಮೇಲಿನ ನಮ್ಮ ಕಾಳು ಮೊಳಕೆ ಒಡೆದರೆ ಅದಕ್ಕೆ ಯಾರನ್ನು ಬಯ್ಯಬೇಕು?

ಇದಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ನಾನು ಅದನ್ನು ಓದಿ, ಒಂದು ದಿನ ಓಡುತ್ತ ಬಂದು ಅವ್ವನಿಗೆ ಹೇಳಿದೆ, ಇದನ್ನು ಶೋಷಣೆ ಎನ್ನುತ್ತಾರೆ ಎಂದು. ಅವ್ವ ಮೊರ ಕೆಳಗಿಡಲಿಲ್ಲ. "ಹೆಸರ ಇಟ್ಟರ ಕಾಳ ಒಣಗತಾವೇನ?" ಎಂದಳು.

ನನ್ನ ಓದಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅದರ ವಂದನೆ ಗುರುಲಿಂಗಪ್ಪ ಸಾವಕಾರರಿಗೆ ಸಲ್ಲಬೇಕು. ನಾನು ಕಾಲೇಜಿನ ಮುಖ ನೋಡಿದವಳಲ್ಲ. ಹತ್ತನೆಯ ತರಗತಿ ಮುಗಿಸಿ ಕಾಸಾರಶಿರಸಿಯ ಅವರ ಕಿರಾಣಿ ಅಂಗಡಿಯಲ್ಲಿ ಪುಡಿಕೆ ಕಟ್ಟಲು ಸೇರಿದೆ. ರದ್ದಿಯ ಗಂಟು ಬಿಚ್ಚಿದರೆ ಅದರೊಳಗೆ ಕರಪತ್ರಗಳು, ಕಿರುಹೊತ್ತಿಗೆಗಳು. ಭೂಮಿಯ ಹಕ್ಕು, ಕೂಲಿಯ ಹಕ್ಕು, ನೀರಿನ ಹಕ್ಕು. ಯಾವ ಊರಲ್ಲಿ ಯಾರು ಹಂಚಿದ್ದೋ, ಯಾರು ಓದದೆ ತೂಕಕ್ಕೆ ಹಾಕಿದ್ದೋ. ಅರ್ಧಕ್ಕೆ ಹರಿದವೇ ಹೆಚ್ಚು. ಅದಕ್ಕೇ ನನ್ನ ವಾದಕ್ಕೆ ಶುರು ಜೋರಾಗಿರುತ್ತದೆ, ಕೊನೆ ಸಿಗುವುದಿಲ್ಲ ಎಂದು ಗೆಳತಿಯರು ನಗುತ್ತಾರೆ. ಸಾವಕಾರರು ನನ್ನನ್ನು ಓದುವಾಗ ಹಿಡಿದರು. ಬಯ್ಯಲಿಲ್ಲ. "ಮೊದಲ ಓದು, ಆಮ್ಯಾಲ ಅದರಾಗ ಜೀರಗಿ ಕಟ್ಟು. ಕಟ್ಟಿದ ಮ್ಯಾಲ ಓದಲಾಕ ಗಿರಾಕಿ ಮನಿಗಿ ಹೋಗಬೇಕಾಗ್ತದ" ಎಂದರು. ಸಾವಕಾರ ಕಾಕಾ, ನೀವು ಕೊಟ್ಟ ಕಾಗದದಿಂದಲೇ ಕಲಿತು ಇಂದು ನಿಮ್ಮ ಗೋದಾಮಿಗೆ ಎದುರು ನಿಂತಿದ್ದೇನೆ. ನೀವು ಗೋದಾಮು ಬಯಸುವುದು ಒಳ್ಳೆಯದಕ್ಕೇ ಎಂದು ನನಗೆ ಗೊತ್ತು. ಮಳೆಯಲ್ಲಿ ನೆನೆದ ಚೀಲಗಳ ಮುಂದೆ ನೀವು ತಲೆ ಹಿಡಿದು ಕೂತದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಠರಾವಿನ ಮೇಲಿದೆ.

ಈಗ ಧಾವಪಟ್ಟಿಗೆ ಬರುತ್ತೇನೆ. ನಮ್ಮೂರಲ್ಲಿ ಅದಕ್ಕೆ ಬರೀ ಪಟ್ಟಿ ಎನ್ನುತ್ತಾರೆ. ಇಲ್ಲಿ ವಿಮಾನ ಓಡಿಸುವುದನ್ನು ಕಲಿಸುವ ಶಾಲೆಯೊಂದಿತ್ತು. ದೊಡ್ಡ ಊರುಗಳ ಹುಡುಗರು ಬಿಳಿ ಅಂಗಿ ಹಾಕಿಕೊಂಡು ಬಂದು ಆಕಾಶದಲ್ಲಿ ಗಿರಕಿ ಹೊಡೆಯುತ್ತಿದ್ದರು. ಕೆಳಗೆ ಪಟ್ಟಿಯ ಅಂಚಿನಲ್ಲಿ ನಮ್ಮ ಓಣಿಯ ಹೆಂಗಸರು ಕಾಳು ಹಾಸುತ್ತಿದ್ದರು. ಕಾವಲುಗಾರರಾಗಿದ್ದ ಮನ್ಮಥಪ್ಪ ಕಾಕಾ ಬೇಡ ಎನ್ನಲಿಲ್ಲ. ವಿಮಾನ ಇಳಿಯುವ ಹೊತ್ತಿಗೆ ಕೈಯಿಂದ ತಿರುವುವ ಸೈರನ್, ನಮ್ಮ ಮಾತಿನಲ್ಲಿ ಭೋಂಗಾ, ಊದಿಸುತ್ತಿದ್ದರು. ಆ ಕೂಗಿಗೆ ದನ ಓಡಬೇಕು, ಕಾಳು ಎತ್ತಬೇಕು. ಇಂಜಿನ್ ಪರೀಕ್ಷೆ ಮಾಡುವ ದಿನವಂತೂ ನಮ್ಮವರು ವಿಮಾನದ ಹಿಂದೆ ದೂರದಲ್ಲಿ ಮೊರ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಗಾಳಿ ಬಿಡದ ದಿನಗಳಲ್ಲಿ ವಿಮಾನದ ರೆಕ್ಕೆಗಾಳಿಗೆ ಜೋಳ ತೂರಿಕೊಂಡವರು ನಾವು. ಬೇರೆ ಯಾವ ಊರಿನವರಾದರೂ ಹೀಗೆ ಮಾಡಿದ್ದರೆ ಹೇಳಲಿ, ಅವರಿಗೂ ಒಂದು ಶಾಲು ಹೊದಿಸೋಣ.

ಶಾಲೆ ಮುಚ್ಚಿತು, ವಿಮಾನಗಳು ಹೋದವು, ಭೋಂಗಾ ಉಳಿಯಿತು. ಕಾಕಾ ಅದನ್ನು ಮೋಡಕ್ಕೆ ಊದಿಸತೊಡಗಿದರು. ಪಟ್ಟಿ ಅಷ್ಟುದ್ದಕ್ಕೂ ಕಣವಾಯಿತು. ಹೊಲ ಇದ್ದವರೂ ಬಂದರು, ಇಲ್ಲದವರೂ ಬಂದರು, ಏಕೆಂದರೆ ಡಾಂಬರಿನ ಮೇಲೆ ಒಣಗುವಷ್ಟು ಬೇಗ ಸಗಣಿ ಸಾರಿಸಿದ ನೆಲದಲ್ಲಿ ಒಣಗುವುದಿಲ್ಲ. ಅಲ್ಲಿ ಒಂದು ನಿಯಮ ಹುಟ್ಟಿತು. ಯಾರು ಮಾಡಿದರೋ ಗೊತ್ತಿಲ್ಲ. ಭೋಂಗಾ ಕೂಗಿದರೆ ಯಾರೂ ತಮ್ಮ ರಾಶಿ ಹುಡುಕಿಕೊಂಡು ಓಡಬಾರದು, ನಿಂತಲ್ಲಿ ಹತ್ತಿರವಿರುವುದನ್ನು ಮುಚ್ಚಬೇಕು, ಅದು ಯಾರದ್ದೇ ಇರಲಿ.

ಸುಮನಕ್ಕ, ನಿಮಗೆ ನೆನಪಿದೆಯೋ ಇಲ್ಲವೋ. ನೀವು ಆಗಿನ್ನೂ ಸರಪಂಚರಾಗಿರಲಿಲ್ಲ. ಗುಂಜೋಟಿಯ ಕಡೆಯಿಂದ ಮೋಡ ಒಮ್ಮೆಲೇ ಎದ್ದು ಬಂತು. ನಮ್ಮವ್ವ ನಿಂತದ್ದು ನಿಮ್ಮ ಮಾವನವರ ರಾಶಿಯ ಹತ್ತಿರ. ತಾಡಪತ್ರಿ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರಿ, ಗಾಳಿಗೆ ಅದು ಹಾರದಂತೆ ಮೇಲೆ ಮಲಗಿಬಿಟ್ಟಳು. ಮಳೆ ನಿಂತ ಮೇಲೆ ತನ್ನ ಸೋಯಾ ಕೊಚ್ಚಿಹೋಗಿರಬೇಕೆಂದು ಎದ್ದು ಹೋಗಿ ನೋಡುತ್ತಾಳೆ, ಅದು ಒಣಗಿಯೇ ಇದೆ. ಅದರ ಮೇಲೆ ನಿಮ್ಮ ಮನೆಯ ಹೊಸ ತಾಡಪತ್ರಿ, ಪಕ್ಕದಲ್ಲಿ ತೊಯ್ದು ತೊಪ್ಪೆಯಾದ ನೀವು. ನೀವು ಆಗ ಆಡಿದ ಮಾತನ್ನು ಅವ್ವ ಇವತ್ತಿಗೂ ಹೇಳುತ್ತಾಳೆ: "ಚಂಪಕ್ಕ, ನಿನ್ನ ಕಾಳ ನಂದರಕಿಂತ ಛಲೋ ಒಣಗ್ಯಾವ." ಅದೇ ವರ್ಷ ನಿಮ್ಮ ಮಾವನವರು ಯಾರನ್ನೂ ಅಂಚಿಗೆ ಕೂಡಿಸುವುದನ್ನು ಬಿಟ್ಟರು. ಕರಪತ್ರದಲ್ಲಿ ನಾನು ಓದಿದ್ದು ನಮ್ಮೂರಲ್ಲಿ ಒಂದು ಭೋಂಗಾದಿಂದ ಆಯಿತು. ಇದನ್ನು ನಾನು ಎಲ್ಲಿ ಬರೆದಿಡಲಿ?

ಹೀಗಿದ್ದ ಜಾಗ ಕಾಗದದ ಮೇಲೆ ಹೇಗೆ ಖಾಲಿಯಾಯಿತು? ಇದನ್ನು ಸಾಹೇಬರು ಕೇಳಲೇಬೇಕು. ಇದರಲ್ಲಿ ಅವರ ತಪ್ಪಿಲ್ಲ, ಅವರು ಆಗ ನಮ್ಮ ತಾಲೂಕಿಗೆ ಬಂದಿರಲಿಲ್ಲ.

ಹೋದ ಸೋಯಾ ಸುಗ್ಗಿಯಲ್ಲಿ ವಿಮಾನತಳವನ್ನು ಪರಿಶೀಲಿಸಲು ಒಂದು ಸಮಿತಿ ಬರುತ್ತದೆ ಎಂದು ಊರಿಗೆ ಸುದ್ದಿ ಬಂತು. ಪಟ್ಟಿಯ ತುಂಬ ಕಾಳು ಹಾಸಿತ್ತು. ಬರುವವರು ದೊಡ್ಡವರು, ಬೂಟು ಹಾಕಿರುತ್ತಾರೆ. ಬೂಟುಗಾಲು ಕಾಳಿನ ಮೇಲೆ ಬೀಳಬಾರದು, ಅದು ಲಕ್ಷ್ಮಿಯನ್ನು ತುಳಿದ ಹಾಗೆ. ಊರಿಗೆ ಬಂದ ಅತಿಥಿಗೆ ಜೋಡು ಕಳಚಿರಿ ಎನ್ನಲೂಬಾರದು, ಅದು ಅವರನ್ನು ಅವಮಾನಿಸಿದ ಹಾಗೆ. ಹಾಗಾದರೆ ಏನು ಮಾಡಬೇಕು? ನಮ್ಮವ್ವ ದಾರಿ ಹೇಳಿದಳು. ಸೂರ್ಯ ಹುಟ್ಟುವ ಹೊತ್ತಿಗೆ ಕಾಕಾ ಭೋಂಗಾ ಊದಿಸಿದರು. ಜನ ಹೊರಬಂದು ಆಕಾಶ ನೋಡಿದರು, ಒಂದು ತುಣುಕು ಮೋಡವಿಲ್ಲ. ಅರ್ಧ ಒಣಗಿದ ಸೋಯಾವನ್ನು ಎಲ್ಲರೂ ಚೀಲಕ್ಕೆ ತುಂಬಿದರು. ಪಟ್ಟಿಯನ್ನು ಗುಡಿಸಿದರು, ನೀರು ಚಿಮುಕಿಸಿದರು, ಯಾರೋ ರಂಗೋಲಿಯನ್ನೂ ಹಾಕಿದರು. ಸಮಿತಿಯವರು ಬಂದರು. ಚಹಾ ಕುಡಿದರು. ಉದ್ದಕ್ಕೂ ಕನ್ನಡಿಯಂತೆ ಸ್ವಚ್ಛವಾಗಿದ್ದ ಡಾಂಬರನ್ನು ನೋಡಿದರು. ನಮ್ಮ ಊರನ್ನು ಹೊಗಳಿ ಹೋದರು.

ಆ ವರದಿಯನ್ನು ಪಂಕಜಣ್ಣ ಚಾವಡಿಯಲ್ಲಿ ಓದಿ ಹೇಳಿದರು. ಸಾರ್ವಜನಿಕ ಬಳಕೆ ಏನೂ ಇಲ್ಲ, ಜಾಗ ಖಾಲಿ ಇದೆ. ಅವರು ಸುಳ್ಳು ಬರೆಯಲಿಲ್ಲ. ಕಂಡದ್ದನ್ನು ಬರೆದರು. ನಾವೇ ಮರ್ಯಾದೆಯಿಂದ, ಕಸಬರಿಗೆ ಹಿಡಿದು, ನಮ್ಮನ್ನು ನಾವು ಗುಡಿಸಿ ಹಾಕಿದ್ದೆವು.

ನಾನು ಚಾವಡಿಯಿಂದ ಮನೆಗೆ ಬಂದವಳೇ ಅವ್ವನ ಮೇಲೆ ಹರಿಹಾಯ್ದೆ. ನಿನ್ನ ಈ ಗುಲಾಮಗಿರಿ ಎಂದು ಹೋಗುತ್ತದೆ, ಅವರಿಗೆ ಬೂಟು ಕಳಚಿ ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಓಣಿಯವರಿಗೆಲ್ಲ ಕೇಳಿಸಿತು. ಅವ್ವ ಚೀಲದ ಬಾಯಿ ಬಿಚ್ಚಿ ಕೂತಿದ್ದಳು. ಒಣಗದೆ ತುಂಬಿದ ಸೋಯಾ ಕಾವು ಹಿಡಿದು ಬೂಷ್ಟು ಬಂದಿತ್ತು. ಅವಳು ಹೇಳಿದ್ದು ಇಷ್ಟು:

"ಮನಿಗಿ ಬಂದವರಿಗಿ ಬೂಟ ಬಿಚ್ಚು ಅನ್ನಲಾಕ ನನಗ ಬಾಯಿ ಬರಂಗಿಲ್ಲ. ಬೂಟಗಾಲಲೆ ಕಾಳ ತುಳಿಸಲಾಕೂ ಮನಸ ಬರಂಗಿಲ್ಲ. ಎರಡೂ ಬರಲಾರದಾಕಿ ಏನ ಮಾಡಬೇಕು, ನಿನ್ನ ಕಾಗದದಾಗ ಬರದಾರೇನ?"

ಬರೆದಿರಲಿಲ್ಲ. ನಾನು ನನ್ನ ಟ್ರಂಕು ತೆಗೆದು ಹುಡುಕಿದೆ, ನಿಜವಾಗಿ ಹುಡುಕಿದೆ. ಬರೆದಿರಲಿಲ್ಲ.

ಆಮೇಲೆ ನಾನೇ ಒಂದು ಕರಪತ್ರ ಬರೆದೆ. ರೈತರಿಂದ ಕಿತ್ತುಕೊಂಡ ಭೂಮಿ ರೈತರಿಗೇ ಮರಳಲಿ ಎಂಬುದು ಅದರ ತಲೆಬರಹ. ಇಲ್ಲಿ ಕೂತ ಕೆಲವರ ಕಿಸೆಯಲ್ಲಿ ಅದು ಈಗಲೂ ಇದ್ದೀತು. ಅಚ್ಚಿಗೆ ಕೊಡುವ ಮೊದಲು ಅವ್ವನಿಗೆ ಓದಿ ತೋರಿಸಿದೆ, ಮೆಚ್ಚುತ್ತಾಳೆಂದು. ಕೇಳಿದಳು. ಹೊಲ ಹೋದ ಮನೆಗಳ ಹೆಸರುಗಳನ್ನು ಬೆರಳು ಮಡಚುತ್ತ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮತ್ತ ನಮಗ?" ಎಂದಳು.

ನಾನೂ ಬೆರಳು ಮಡಚಿ ಲೆಕ್ಕ ಹಾಕಿದೆ. ಕಂಪನಿಗೆ ಕೊಟ್ಟರೂ ಅವಳು ಅಂಚಿಗೆ ಹೋಗುತ್ತಾಳೆ, ಹಳೆಯ ಹೊಲದವರಿಗೆ ಕೊಟ್ಟರೂ ಅಂಚಿಗೇ ಹೋಗುತ್ತಾಳೆ. ಈ ಪಟ್ಟಿ ಯಾರದ್ದೂ ಅಲ್ಲದ್ದಾಗಿರುವಷ್ಟು ದಿನ ಮಾತ್ರ ಅದು ಅವಳದ್ದೂ ಹೌದು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ.

ಆದ್ದರಿಂದ ಇವತ್ತು ನಾನು ಬೇರೆ ಮಾತು ಹೇಳುತ್ತೇನೆ. ಗೋದಾಮು ಬೇಡ ಎನ್ನುವುದಿಲ್ಲ. ಈ ಶೆಡ್ಡು ತೆಗೆದುಕೊಳ್ಳಿ, ಆಚೆಯ ಹುಲ್ಲು ಬಯಲು ತೆಗೆದುಕೊಳ್ಳಿ, ಅಲ್ಲಿ ಕಟ್ಟಿ. ನಮ್ಮ ಕಾಳು ಒಣಗಿದ ಮೇಲೆ ನಿಮ್ಮ ಗೋದಾಮಿಗೇ ಬರಲಿ. ಒಣಗದ ಕಾಳನ್ನು ಎಷ್ಟು ದೊಡ್ಡ ಗೋದಾಮಿನಲ್ಲಿಟ್ಟರೂ ಅದು ಕೊಳೆಯುತ್ತದೆ, ಇದನ್ನು ಸಾವಕಾರ ಕಾಕಾಗೆ ನಾನು ಹೇಳಿಕೊಡಬೇಕಿಲ್ಲ. ಪಟ್ಟಿಯನ್ನು ಮಾತ್ರ ಠರಾವಿನಿಂದ ತೆಗೆಯಿರಿ. ತೆಗೆದು, ಇದು ಊರಿನ ಕಣ, ಹೊಲ ಇದ್ದವರದ್ದೂ ಇಲ್ಲದವರದ್ದೂ ಎಂದು ಬರೆಯಿರಿ. ಲಾರಿ ತಿರುಗಲು ಡಾಂಬರೇ ಬೇಕು ಎಂದು ಮ್ಯಾನೇಜರ್ ಸಾಹೇಬರು ಆಗಲೇ ಹೇಳಿದರು. ಮುರುಮ ಊರಿನ ಸಕ್ಕರೆ ಕಾರ್ಖಾನೆಯ ಕಡೆ ಒಂದು ಸಲ ಹೋಗಿ ಬನ್ನಿ, ಸಾಹೇಬರೇ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಮಣ್ಣಿನ ಬಯಲಿನಲ್ಲೇ ತಿರುಗುತ್ತವೆ. ನಿಮ್ಮ ಲಾರಿಗಳಿಗೆ ಅಷ್ಟೇನು ನಾಚಿಕೆ?

ಹಾಗೆ ತಿದ್ದಿದರೆ ನಾನು ಎರಡೂ ಕೈ ಎತ್ತುತ್ತೇನೆ. ತಿದ್ದದಿದ್ದರೆ ನನ್ನ ಕೈ ಏಳುವುದಿಲ್ಲ. ನಿಮ್ಮ ಕೈ ನಿಮ್ಮದು. ಹುಗ್ಗಿ ಎಲ್ಲರಿಗೂ ಇದೆ, ಕೈ ಎತ್ತದವರಿಗೂ ಬಡಿಸುತ್ತಾರೆ, ಸಾವಕಾರರು ಅಷ್ಟು ಸಣ್ಣವರಲ್ಲ.

ಕೊನೆಯ ವಂದನೆ ಉಳಿದಿದೆ. ಹಾರ ಹಾಕುವ ಹೊತ್ತಿಗೆ ನಮ್ಮ ಓಣಿಯ ಕೆಲವು ಹೆಂಗಸರು ಎದ್ದು ಹೊರಗೆ ಹೋದದ್ದನ್ನು ನೀವು ಗಮನಿಸಿರಬಹುದು. ಅಡುಗೆಗೆ ಹೋದರು ಎಂದುಕೊಂಡಿರಬಹುದು. ಅವರು ಹೋದದ್ದು ತೊಗರಿ ಹಾಸಲು. ಈಗ ಈ ಬಾಗಿಲಿನಿಂದ ಆಚೆಯ ಬೇವಿನ ಮರದವರೆಗೆ, ಪಟ್ಟಿಯ ಅಗಲಕ್ಕೂ ತೊಗರಿ ಇದೆ. ಸಾಹೇಬರ ಗಾಡಿ, ಕಂಪನಿಯ ಗಾಡಿ, ಎರಡೂ ನಿಂತಿರುವುದು ಆ ಬೇವಿನ ನೆರಳಿನಲ್ಲಿ.

ಇದು ನನ್ನ ಯೋಚನೆ ಎಂದುಕೊಳ್ಳಬೇಡಿ. ನಾನಾಗಿದ್ದರೆ ಫಲಕ ಬರೆದು ಬಾಗಿಲಿಗೆ ಅಡ್ಡ ಕೂಡುತ್ತಿದ್ದೆ. ಬೂಷ್ಟು ಬಂದ ಆ ದಿನದಿಂದ ಪಟ್ಟಿಯ ಕಡೆ ಹೆಜ್ಜೆ ಇಡದಿದ್ದ ನಮ್ಮವ್ವ ಇಂದು ಬೆಳಿಗ್ಗೆ ತೊಗರಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು ನನ್ನ ಮುಂದೆ ನಿಂತು ಹೇಳಿದಳು: "ಬಿಚ್ಚು ಅಂತ ಯಾರಿಗೂ ಅನ್ನೂದು ಬ್ಯಾಡ. ಈ ಸಲ ಎತ್ತೂದೂ ಬ್ಯಾಡ. ಹಾಸೂಣು. ಕಣ್ಣಿದ್ದವರು ತಾವೇ ತಿಳಕೋತಾರ." ಅವಳು ಸಭೆಯ ಒಳಗೆ ಬಂದಿಲ್ಲ. ಹೊರಗೆ, ಆಡು ಬಾಯಿ ಹಾಕದಂತೆ ಕಾಳಿನ ಹತ್ತಿರ ಕೂತಿದ್ದಾಳೆ.

ಆದ್ದರಿಂದ, ಮಾನ್ಯ ಅತಿಥಿಗಳೇ, ನಾನು ಏನನ್ನೂ ಕೇಳುತ್ತಿಲ್ಲ, ಕೇಳಬಾರದೆಂದು ನನಗೆ ಅಪ್ಪಣೆಯಾಗಿದೆ. ಯಾರೂ ನಿಮ್ಮನ್ನು ತಡೆಯುವುದಿಲ್ಲ. ಸುತ್ತಿಕೊಂಡು ಹೋಗಲು ಜಾಲಿಯ ನಡುವೆ ಒಂದು ದಾರಿಯೂ ಇದೆ. ವಂದನಾರ್ಪಣೆ ಮಾಡುವವಳಾಗಿ ಒಂದು ಮಾಹಿತಿಯನ್ನಷ್ಟೇ ಕೊಡುತ್ತೇನೆ. ಒಣಹಾಕಿದ ಕಾಳನ್ನು ಆಗಾಗ ಮಗುಚಬೇಕು. ನಮ್ಮ ಹೆಂಗಸರು ಅದಕ್ಕೆ ಬರಿಗಾಲಲ್ಲಿ, ಪಾದ ಎತ್ತದೆ, ಎಳೆದುಕೊಂಡು ನಡೆಯುತ್ತಾರೆ. ಅಡಿಯ ಕಾಳು ಮೇಲೆ ಬರುತ್ತದೆ, ಬಿಸಿಲು ಕಾಣುತ್ತದೆ. ಮೊದಲ ಸಲ ನಡೆಯುವವರಿಗೆ ಸ್ವಲ್ಪ ಕಚಗುಳಿ ಆಗುತ್ತದೆ, ಬಿಸಿಯೂ ತಾಗುತ್ತದೆ. ನೀವು ಹಾಗೆ ನಡೆದು ಗಾಡಿ ಮುಟ್ಟುವ ಹೊತ್ತಿಗೆ ನಮ್ಮವ್ವನ ತೊಗರಿ ಒಂದು ಸಲ ಮಗುಚಿ ಆಗಿರುತ್ತದೆ.

ಆ ಉಪಕಾರಕ್ಕೆ ಊರಿನ ಪರವಾಗಿ, ಚಂಪಾಬಾಯಿಯ ಪರವಾಗಿ, ಈಗಲೇ ವಂದನೆ ಸಲ್ಲಿಸಿ ಇಳಿಯುತ್ತೇನೆ. ಅಧ್ಯಕ್ಷರು ಠರಾವು ಓದಬಹುದು. ನಮಸ್ಕಾರ.